ಯಾರಿಗೂ ಬೇಡದ ಮೀನಿನವರು

ಆಗ ನನಗೆ ಇಪ್ಪತ್ತಾರು ವರ್ಷ. ಅದಾಗಿ ಐವತ್ತು ವರ್ಷವಾಯಿತು. ಆ ಮನುಷ್ಯ ಹೋದ ತಿಂಗಳು ತೀರಿಕೊಂಡರಂತೆ, ತುಮಕೂರಿನ ಕಡೆ ತಮ್ಮನ ಮಗನ ಮನೆಯಲ್ಲಿ. ನಿದ್ದೆಯಲ್ಲೇ ಹೋದರು ಎಂದು ಹೇಳಿ ಕಳಿಸಿದರು. ಮೀನು ತಿಂದು ಹೋಗಲಿಲ್ಲ ಅನ್ನುವುದೇ ನನಗೆ ದೊಡ್ಡ ಸುದ್ದಿ. ಅವರು ಎಂಥೆಂಥ ಮೀನು ತಿನ್ನುತ್ತಿದ್ದರು ಎಂದು ಕಣ್ಣಾರೆ ಕಂಡವಳು ನಾನು. ಅಷ್ಟು ವರ್ಷ ಬದುಕಿದ್ದು ದೇವರ ದಯೆಯಲ್ಲ, ದೇವರ ಮರೆವು.

ಅವರು ನಮ್ಮ ಬಾಡಿಗೆದಾರರು. ಅತ್ತಿಗುಪ್ಪೆಯಲ್ಲಿ ನಮ್ಮ ಮಾವನ ರಾಗಿ ಹೊಲವೆಲ್ಲ ಸೈಟುಗಳಾದ ಮೇಲೆ ಉಳಿದ ಹಿತ್ತಲಲ್ಲಿ ಸಾಲಾಗಿ ನಾಲ್ಕು ಶೀಟಿನ ರೂಮು ಕಟ್ಟಿಸಿದ್ದೆವು. ಮಾವ ಇರಲಿಲ್ಲ. ಮನೆಯಲ್ಲಿ ನಾನು, ನನ್ನ ಗಂಡ, ನಮ್ಮತ್ತೆ. ಕೊನೆಯ ರೂಮಿಗೆ ಇವರು ಬಂದರು. ಯಾವುದೋ ಸರ್ಕಾರಿ ಆಫೀಸಿನ ಗುಮಾಸ್ತರು, ನಲವತ್ತರ ಆಸುಪಾಸು, ಮದುವೆಯಿಲ್ಲ. ಸಾಮಾನು ಅಂತ ಇದ್ದದ್ದು ಒಂದು ಸೀಮೆಎಣ್ಣೆ ಸ್ಟೌವು, ಎರಡು ಉದ್ದನೆಯ ಬಿದಿರು ಕೋಲು.

ನನ್ನ ಗಂಡ ಕೋಲು ನೋಡಿ, "ಸೊಳ್ಳೆಪರದೆ ಕಟ್ಟೋಕಾ ಸಾರ್?" ಅಂದ.

"ಅಲ್ಲ. ಗಾಳ."

"ಇಲ್ಲಿ ಕೆರೆ ಎಲ್ಲಿದೆ ಸಾರ್, ಎಲ್ಲಾ ಸೈಟ್ ಆಯ್ತಲ್ಲ."

"ಕೆರೆಗಲ್ಲ. ಸಮುದ್ರಕ್ಕೆ."

"ಹಂಗಾ. ನಾಯಂಡಹಳ್ಳಿ ದಾಟಿದ್ರೆ ಸಿಗುತ್ತೆ, ಹೋಗ್ಬನ್ನಿ" ಅಂದ ನನ್ನ ಗಂಡ. ಅವರು ನಗಲಿಲ್ಲ. ಮೀನಿನ ವಿಷಯದಲ್ಲಿ ನಗು ಅವರಿಗೆ ಬರುತ್ತಿರಲಿಲ್ಲ.

ಹುಟ್ಟಿದ್ದು ಕುಡಿಯುವ ನೀರಿಗೂ ಗತಿಯಿಲ್ಲದ ಬಯಲುಸೀಮೆಯಲ್ಲಿ. ಮೂವತ್ತು ವರ್ಷದವರೆಗೆ ಬಾವಿಗಿಂತ ದೊಡ್ಡ ನೀರು ಕಂಡವರಲ್ಲ. ಕಾರವಾರಕ್ಕೆ ವರ್ಗ ಮಾಡಿ ಕಳಿಸಿದರಂತೆ. ಅಲ್ಲಿ ಸಮುದ್ರ ನೋಡಿದರು, ಕೆಟ್ಟರು. ಹೆಂಡದ ಹುಚ್ಚು ಹಿಡಿದವರನ್ನು ನೋಡಿದ್ದೇನೆ, ಇಸ್ಪೀಟಿನ ಹುಚ್ಚು ಹಿಡಿದವರನ್ನು ನೋಡಿದ್ದೇನೆ. ಉಪ್ಪುನೀರಿನ ಹುಚ್ಚು ಹಿಡಿದವರು ಇವರೊಬ್ಬರೇ. ಬೆಂಗಳೂರಿಗೆ ವಾಪಸು ಬಂದ ಮೇಲೂ ತಿಂಗಳಿಗೊಂದು ಶನಿವಾರ ರಾತ್ರಿ ಬಸ್ಸು ಹತ್ತಿ ಮಂಗಳೂರಿಗೆ ಹೋಗುವುದು, ಭಾನುವಾರವೆಲ್ಲ ಬಂಡೆಯ ಮೇಲೆ ಕೋತಿಯ ಹಾಗೆ ಕೂತು ಗಾಳ ಹಾಕುವುದು, ಸೋಮವಾರ ಬೆಳಗ್ಗೆ ಮರದ ಪೆಟ್ಟಿಗೆಯಲ್ಲಿ ಐಸು, ಮರದ ಹೊಟ್ಟು, ಅದರೊಳಗೆ ಮೀನು ತುಂಬಿಕೊಂಡು ಮೆಜೆಸ್ಟಿಕ್‌ನಲ್ಲಿ ಇಳಿಯುವುದು. ಅಲ್ಲಿಂದ ಸಿಟಿ ಬಸ್ಸು. ಮೀನಿನ ಪೆಟ್ಟಿಗೆ ಅಂದರೆ ಹತ್ತಿಸುವುದಿಲ್ಲವಲ್ಲ, ಆಫೀಸಿನ ಫೈಲು ಅನ್ನುತ್ತಿದ್ದರು. ಒಂದು ಸಲ ಕಂಡಕ್ಟರು ಬಾಪೂಜಿನಗರದವರೆಗೂ ಸುಮ್ಮನಿದ್ದು ಕೊನೆಗೆ, "ಸಾರ್, ನಿಮ್ಮ ಫೈಲು ಉಚ್ಚೆ ಹುಯ್ತಾ ಇದೆ, ಇಳಿಸ್ಕೊಳಿ" ಅಂದನಂತೆ. ಪೆಟ್ಟಿಗೆ ಹೆಗಲ ಮೇಲೆ ಹೊತ್ತು ನಡೆದು ಬಂದರು. ಬೆನ್ನೆಲ್ಲ ಮೀನಿನ ನೀರು. ಆ ಷರ್ಟಿನಲ್ಲೇ ಆಫೀಸಿಗೆ ಹೋದರು. ಅವತ್ತು ಸಾಹೇಬರೇ ಬೇಗ ಮನೆಗೆ ಕಳಿಸಿಕೊಟ್ಟರಂತೆ. "ನೋಡಿ, ಎಂಥಾ ಒಳ್ಳೆ ಮನುಷ್ಯ" ಎಂದು ನಮಗೆ ಹೇಳಿದರು.

ಇಷ್ಟೆಲ್ಲ ಪಾಡುಪಟ್ಟು ತರುತ್ತಿದ್ದದ್ದಾದರೂ ಏನು? ಸಮುದ್ರದಲ್ಲಿ ಅಂಜಲ್ ಇದೆಯಂತೆ, ಮಾಂಜಿ ಇದೆಯಂತೆ, ಕಾಣೆ ಇದೆಯಂತೆ. ದೊಡ್ಡವರು ತಿನ್ನುವ ಮೀನುಗಳು. ಅವು ಯಾವುವೂ ಅತ್ತಿಗುಪ್ಪೆಯ ದಾರಿ ಹಿಡಿಯಲಿಲ್ಲ. ಇವರ ಪೆಟ್ಟಿಗೆಯಲ್ಲಿ ಬರುತ್ತಿದ್ದದ್ದು ಸಮುದ್ರದ ಬಡ ನೆಂಟರು. ಅದೂ ಎಲ್ಲ ಇವರೇ ಹಿಡಿದದ್ದಲ್ಲ. ಬಂಡೆಯ ಮೇಲೆ ಗಾಳ ಹಾಕುವ ಬೇರೆಯವರು ನೀರಿಗೆ ವಾಪಸು ಎಸೆಯುವುದನ್ನು ಇವರ ಪೆಟ್ಟಿಗೆಗೆ ಎಸೆಯುತ್ತಿದ್ದರು. ಎಲ್ಲ ಊರಲ್ಲೂ ಹಳೇ ಬಟ್ಟೆ ಕೊಡುವುದಕ್ಕೆ ಒಬ್ಬ ಇರುತ್ತಾನಲ್ಲ, ಹಾಗೆ.

ಒಂದು ಸಲ ಅವರ ಗಾಳಕ್ಕೂ ಮೊಳಕೈಯುದ್ದದ ಕಾಣೆ ಬಿತ್ತಂತೆ. ಪಕ್ಕದವನ ಹತ್ತಿರ ಯಾರಿಗೂ ಗುರುತು ಸಿಗದ ಒಂದು ಮೀನಿತ್ತಂತೆ. ಕಾಣೆ ಅವನಿಗೆ ಕೊಟ್ಟು ಅದನ್ನು ಇಸಕೊಂಡು ಬಂದರು.

"ಹೆಸರು ಸಿಕ್ತಾ ಆಮೇಲೆ?" ಅಂದೆ.

"ಇಲ್ಲ."

"ರುಚಿ?"

"ಅಷ್ಟಕ್ಕಷ್ಟೆ."

"ಮತ್ತೆ ಯಾಕೆ ಕೊಟ್ರಿ?"

"ಕಾಣೆ ನೋಡಿದ್ದೆ ಅಮ್ಮ. ಇದನ್ನ ನೋಡಿರಲಿಲ್ಲ" ಅಂದರು. ಇಂಥವರಿಗೆ ಹೆಣ್ಣು ಕೊಡದೆ ಇದ್ದ ತುಮಕೂರಿನವರು ಬುದ್ಧಿವಂತರು ಎಂದುಕೊಂಡೆ.

ನಾನು ಇದರೊಳಗೆ ಸಿಕ್ಕಿಕೊಂಡದ್ದು ನಮ್ಮತ್ತೆಯ ನಾಲಗೆಯಿಂದ. ನಮ್ಮ ಕೆರೆ ಇದ್ದಾಗ ವಾರಕ್ಕೆರಡು ದಿನ ಮೀನು ತಿಂದವರು. ಕೆರೆ ಹೋದಮೇಲೆ ಒಣಮೀನೇ ಗತಿ. ಇವರಿಗೋ ತರುವುದಕ್ಕೆ ಗೊತ್ತು, ಬೇಯಿಸುವುದಕ್ಕೆ ಗೊತ್ತಿಲ್ಲ. ನಾನು ಕೊಯ್ದು ಸಾರು ಮಾಡುವುದು, ಎಲ್ಲರೂ ತಿನ್ನುವುದು ಎಂದಾಯಿತು. ಸೋಮವಾರ ಬಂತೆಂದರೆ ಎರಡನೇ ರೂಮಿನ ಟೀಚರಮ್ಮ ಬೆಳಗ್ಗೆಯೇ ಒಂದು ಕಟ್ಟು ಊದಿನಕಡ್ಡಿ ಹಚ್ಚಿಡುತ್ತಿದ್ದರು. ಆ ವಾಸನೆ ಮೀನಿಗಿಂತ ಕೆಟ್ಟದಾಗಿತ್ತು.

ಅವರದು ಒಂದೇ ಕಟ್ಟಳೆ. ಅವರು ನೋಡಿ ಹೆಸರು ಹೇಳುವ ತನಕ ಮೀನಿಗೆ ಚಾಕು ಹಾಕುವಂತಿಲ್ಲ. "ಹೆಸರು ಗೊತ್ತಿಲ್ಲದ್ದನ್ನ ಬಾಯಿಗೆ ಇಡಬಾರದು" ಅನ್ನುವರು. ಒಗೆಯುವ ಕಲ್ಲಿನ ಮೇಲೆ ಒಂದೊಂದನ್ನೇ ಮಲಗಿಸಿ, ಕಿವಿರು ಎತ್ತಿ, ಬಾಯಿ ತೆರೆದು ಹಲ್ಲು ನೋಡಿ, ಬೆನ್ನಿನ ಮುಳ್ಳು ಎಣಿಸಿ, ಚರ್ಮ ಉಗುರಿನಿಂದ ಕೆರೆದು, ಕೊನೆಗೆ ಇಂಥದ್ದು ಎಂದು ಹೇಳುವರು. ನನ್ನನ್ನು ನೋಡಲು ಬಂದಾಗ ನಮ್ಮತ್ತೆಯೂ ಇಷ್ಟು ಪರೀಕ್ಷೆ ಮಾಡಿರಲಿಲ್ಲ. ಹೆಸರು ಹೇಳಿದ ಮೇಲೆ ಅದರ ಗುಣ. ಇದರ ಮುಳ್ಳು ಚುಚ್ಚಿದರೆ ಕೈ ಊದುತ್ತದೆ, ಮೊದಲು ಮುಳ್ಳು ಮುರಿಯಿರಿ. ಇದು ಬರೀ ಎಲುಬು, ಗರಿಗರಿಯಾಗಿ ಹುರಿದು ಎಲುಬಿನ ಸಮೇತ ಅಗಿಯಿರಿ. ಇದು ಉಚ್ಚೆ ವಾಸನೆ ಬರುತ್ತದೆ, ಹುಣಸೆ ನೀರಲ್ಲಿ ನೆನೆಸಿ. ಇದೊಂದು ಜಾತಿ ಮಾತ್ರ ಬೇಡವೇ ಬೇಡ: ಮುಟ್ಟಿದರೆ ಕಪ್ಪೆಯ ಹಾಗೆ ಹೊಟ್ಟೆ ಉಬ್ಬಿಸಿಕೊಳ್ಳುವುದು, ಪೊರೆಯಿಲ್ಲದ ಮೈ, ಗಿಣಿಕೊಕ್ಕಿನಂಥ ಹಲ್ಲು. ಅದರ ಮೊಟ್ಟೆ ತಿಂದರೆ ಎಮ್ಮೆಯೂ ಏಳುವುದಿಲ್ಲ. ಈ ಕೊನೆಯದನ್ನು ಎಷ್ಟು ಸಲ ಹೇಳಿದ್ದರೆಂದರೆ ನಾನು ಕೇಳಿಸಿಕೊಳ್ಳುವುದನ್ನೇ ಬಿಟ್ಟಿದ್ದೆ.

ಮೊದಲ ಸಲ ಪಾಂಬೋಳು ಬಂದಾಗ ನಮ್ಮತ್ತೆ ದೂರದಿಂದಲೇ, "ಇದೇನ್ಲಾ ಅಯ್ಯಾ, ಮೀನೋ ನಿನ್ನ ಪ್ಯಾಂಟಿನ ಬೆಲ್ಟೋ?" ಅಂದರು. ಉದ್ದಕ್ಕೆ, ಚಪ್ಪಟೆಗೆ, ಬೆಳ್ಳಿ ರೇಕು ಬಡಿದ ಹಾಗಿತ್ತು. ಹುರಿದ ಮೇಲೆ ಬೆಲ್ಟು ಪೂರಾ ಅವರೇ ತಿಂದರು. ಕಲ್ಲೂರು ಅನ್ನುವ ಮೀನು ತಂದ ದಿನ ಇವರು ಅದರ ತಲೆ ಒಡೆದು ಒಳಗಿಂದ ಎರಡು ಬಿಳಿ ಕಲ್ಲು ತೆಗೆದು ತೋರಿಸಿದರು. "ನೋಡಿದ್ರಾ, ತಲೆಯೊಳಗೆ ಕಲ್ಲು! ಇದೇ ಗುರುತು." ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಇದನ್ನು ತರುವವರ ತಲೆ ಒಡೆದರೂ ಅದೇ ಗುರುತು ಸಿಗುತ್ತದೆ ಎಂದು ಬಾಯಿಗೆ ಬಂದಿತ್ತು. ನುಂಗಿದೆ. ಸಾರು ಚೆನ್ನಾಗಿ ಆಗಿತ್ತು.

ಹೀಗೆ ಮೂರು ವರ್ಷ ನಡೆಯಿತು. ನನಗೂ ನಾಲ್ಕೈದು ಗುರುತು ಬಂತು. ನಾಲ್ಕೈದು ಗುರುತು ಬಂದವರಷ್ಟು ಜಂಭ ನಾಲ್ಕು ಸಾವಿರ ಗೊತ್ತಿರುವವರಿಗೂ ಇರುವುದಿಲ್ಲ.

ಆ ಸೋಮವಾರ ಬಸ್ಸು ಘಟ್ಟದಲ್ಲಿ ಕೆಟ್ಟು ನಿಂತು ಇವರು ಬರುವಾಗ ಹತ್ತು ಗಂಟೆ. ಬೇಸಿಗೆ ಬೇರೆ. ಪೆಟ್ಟಿಗೆಯನ್ನು ನಮ್ಮ ಅಡುಗೆಮನೆ ಬಾಗಿಲಲ್ಲಿ ಇಟ್ಟು, "ಮುಟ್ಟಬೇಡಿ ಅಮ್ಮ. ಕತ್ತಲಲ್ಲಿ ಯಾರ್‍ಯಾರೋ ಏನೇನೋ ಹಾಕಿದಾರೆ, ನಾನೇ ನೋಡಿಲ್ಲ. ಸಾಯಂಕಾಲ ಬಂದು ನೋಡ್ತೀನಿ" ಎಂದು ಆಫೀಸಿಗೆ ಓಡಿದರು.

ಹನ್ನೆರಡಕ್ಕೆ ಐಸು ಕರಗಿ ನೀರು ಅಂಗಳಕ್ಕೆ ಹರಿಯಿತು. ನೊಣ. ಸಾಯಂಕಾಲದವರೆಗೆ ಇಟ್ಟರೆ ಹೆಸರು ಹೇಳುವುದಕ್ಕೆ ಮೀನೇ ಇರುವುದಿಲ್ಲ ಎಂದುಕೊಂಡು ಪೆಟ್ಟಿಗೆ ತೆಗೆದೆ. ಆರು ಮೀನು. ಐದರ ಗುರುತು ನನಗಿತ್ತು. ಆರನೆಯದು ನೋಡಿದ್ದಲ್ಲ. ಅಂಗೈಗಿಂತ ಅಗಲ, ಸಣ್ಣ ಬಾಯಿ, ಮುಂದಕ್ಕೆ ಚಾಚಿದ ಹಲ್ಲು, ಪೊರೆ ಕಾಣದ ಎಮ್ಮೆಚರ್ಮ. ಚಾಕು ಇಳಿಯಲಿಲ್ಲ, ಚರ್ಮ ಸುಲಿದೇ ತೆಗೆದೆ. ಮಾಂಸ ನೋಡಿದರೆ ನಾಟಿ ಕೋಳಿಯ ಹಾಗೆ ಬೆಳ್ಳಗಿತ್ತು. ಬೂದಿ ಹಾಕಿ ಉಜ್ಜಿ ತೊಳೆದೆ. ತಲೆ, ಕರುಳು, ಚರ್ಮ ಎಲ್ಲ ಕರಿಬೇವಿನ ಗಿಡದ ಬುಡದಲ್ಲಿ ಹೂತು ಮೇಲೆ ಕಲ್ಲು ಇಟ್ಟೆ. ಹೊಟ್ಟೆಯಲ್ಲಿ ಮೊಟ್ಟೆ ಇತ್ತು, ಅದನ್ನು ಸಾರಿಗೆ ಹಾಕಿದೆ. ನಮ್ಮ ಕಡೆ ಮೀನಿನ ಮೊಟ್ಟೆ ಮನೆಗೆ ಹಿರಿಯರಾದವರದು. ನಾಲ್ಕು ಗಂಟೆಗೆ ನಮ್ಮತ್ತೆ ಹಸಿವು ಎಂದರು. ಮುದ್ದೆ ಹಾಕಿ, ಆ ಮೊಟ್ಟೆ, ಅದರ ಜೊತೆ ಎರಡು ದಪ್ಪ ತುಂಡು ಬಡಿಸಿದೆ.

ಐದೂವರೆಗೆ ಇವರು ಬಂದರು. ಪೆಟ್ಟಿಗೆ ತೊಳೆದು ಬೋರಲು ಹಾಕಿದ್ದು ನೋಡಿ ಬಾಗಿಲಲ್ಲೇ ನಿಂತರು. ನಾನು ಒಂದೊಂದೇ ಹೆಸರು ಹೇಳಿದೆ, ಪಾಠ ಒಪ್ಪಿಸುವ ಹಾಗೆ. ಐದಕ್ಕೂ ತಲೆಯಾಡಿಸಿದರು. ಆರನೆಯದರ ಹಲ್ಲು, ಚರ್ಮ ಹೇಳುತ್ತಿದ್ದಂತೆ ಕೈಯಲ್ಲಿದ್ದ ಟಿಫನ್ ಡಬ್ಬಿ ಕೆಳಗಿಟ್ಟರು.

"ಹೊಟ್ಟೆಯಲ್ಲಿ ಮೊಟ್ಟೆ ಇತ್ತಾ?"

"ಇತ್ತು."

"ಎಲ್ಲಿ?"

"ಅತ್ತೆಗೆ ಹಾಕಿದೆ."

ನನಗೆ ಆಗ ಎಮ್ಮೆಯ ಮಾತು ನೆನಪಾಯಿತು. ಅದಕ್ಕೆ ಕಿವಿ ಕೊಡುತ್ತಿದ್ದ ಕಾಲದಲ್ಲಾಗಿದ್ದರೆ ಕೊಯ್ಯುವಾಗಲೇ ನೆನಪಾಗುತ್ತಿತ್ತು. ಅತ್ತೆ ಸತ್ತರೆ ಸೊಸೆ ಅಳುವುದು ಬೇರೆ, ಸೊಸೆ ಬಡಿಸಿದ್ದು ತಿಂದು ಸತ್ತರೆ ಪೊಲೀಸಿನವರು ಬರುವುದು ಬೇರೆ. ಊರಿನವರು ಪೊಲೀಸಿಗಿಂತ ಮೊದಲು ಬರುತ್ತಾರೆ.

ನಮ್ಮತ್ತೆ ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದರು. ಇವರು ಮುಂದೆ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ, "ಅಮ್ಮಾ, ತುಟಿ ಏನಾದ್ರೂ ಜೋಮು ಹಿಡಿದ ಹಾಗಿದೆಯಾ?" ಅಂದರು.

"ಹೂಂ, ಹಿಡ್ದೈತೆ."

ಇವರ ಮುಖ ಸುಣ್ಣವಾಯಿತು. "ನಾಲಗೆ?"

"ನಾಲ್ಗೆನೂ ಹಿಡ್ದೈತೆ."

"ಯಾವಾಗಿಂದ ಅಮ್ಮಾ?"

"ನಲವತ್ ವರ್ಸದಿಂದ. ಹೊಗೆಸೊಪ್ಪು ಇಟ್ಕಂಡ್ರೆ ಜೋಮು ಹಿಡೀದೆ ಇನ್ನೇನ್ಲಾ ಹಿಡೀತದೆ? ಯಾಕೆ, ನಿಂಗೂ ಒಂದ್ ಎಸಳು ಬೇಕಾ?"

ನನ್ನ ಗಂಡ ಅಷ್ಟರಲ್ಲಿ ಫ್ಯಾಕ್ಟರಿಯಿಂದ ಬಂದ. ವಿಷಯ ಕೇಳಿದ್ದೇ ಆಟೋ ತರಲು ಮೈಸೂರು ರಸ್ತೆಗೆ ಓಡಿದ. ಅತ್ತೆ ಕೂಗಿ ಹೇಳಿದರು, "ನಾ ಬರಾಕಿಲ್ಲ! ಮೀನ್ ತಿಂದು ಆಸ್ಪತ್ರೆ ಸೇರಿದೋಳು ಅಂತ ಊರೆಲ್ಲ ನಗಾಡ್ತದೆ!" ಅವರಿಗೆ ಸಾವಿಗಿಂತ ಅದು ದೊಡ್ಡದು.

ಇವರು ಅಡುಗೆಮನೆಗೆ ಬಂದು ಸಾರಿನ ಪಾತ್ರೆಯನ್ನು ಮೊರಕ್ಕೆ ಸೋಸಿ ಎಂದರು. ಅಡಿಯಲ್ಲಿ ಇನ್ನೊಂದು ಪಾತ್ರೆ ಇಟ್ಟು ಸೋಸಿದೆ. ತುಂಡುಗಳನ್ನು ಆರಿಸಿ ಆರಿಸಿ ಮೊರದ ಮೇಲೆ ಮೀನಿನ ಹಾಗೆ ಜೋಡಿಸಿದರು, ತಲೆಯಿಲ್ಲದ ಐದು ಮೀನು ಸಾಲಾಗಿ. ಆರನೆಯದರದು ಬಾಲದ ಕಡೆಯ ಮೂರು ತುಂಡು ಮಾತ್ರ ಉಳಿದಿತ್ತು.

"ಕೆಟ್ಟ ಜಾತಿಗೆ ಪಕ್ಕೆಲುಬು ಇರೋದಿಲ್ಲ ಅಮ್ಮ. ಎದೆಯ ತುಂಡು ಸಿಕ್ಕಿದ್ರೆ ಗೊತ್ತಾಗ್ತಿತ್ತು. ಬಾಲದಲ್ಲಿ ಯಾವ ಮೀನಿಗೂ ಪಕ್ಕೆಲುಬು ಇಲ್ಲ. ಅವರು ತಿಂದ ಮುಳ್ಳು ಎಲ್ಲಿ?"

"ನಮ್ಮತ್ತೆ ಮುಳ್ಳು ಉಳಿಸ್ತಾರಾ?" ಅಂದೆ. ಅಗಿದು ಹಿಟ್ಟು ಮಾಡಿ ನುಂಗುವವರು ಅವರು. ತಟ್ಟೆ ತೊಳೆಯುವುದೇ ಬೇಡ, ಹಾಗಿರುತ್ತಿತ್ತು.

ಇನ್ನು ಉಳಿದದ್ದು ಕರಿಬೇವಿನ ಬುಡ. ಕಲ್ಲು ಸರಿಸಿ, ಆಫೀಸಿನ ಬಿಳಿ ಷರ್ಟಿನಲ್ಲೇ ಮಂಡಿಯೂರಿ, ಬರಿಗೈಯಲ್ಲಿ ತೋಡಿದರು. ಅರ್ಧ ದಿನ ಬಿಸಿಲಿಗೆ ಬೆಂದ ಮೀನಿನ ಕರುಳು. ಟೀಚರಮ್ಮ ಕಿಟಕಿ ಮುಚ್ಚಿಕೊಂಡ ಸದ್ದು ಕೇಳಿಸಿತು. ಕಲ್ಲೂರಿನ ತಲೆ ಬಂತು, ಎಸೆದರು. ಇನ್ನೊಂದು ಬಂತು, ಎಸೆದರು. ಅತ್ತೆ ಜಗಲಿಯಿಂದ, "ಆ ಮೊಟ್ಟೆ ಇನ್ನೊಂದೈತೇನೇ? ಚೆನ್ನಾಗಿತ್ತು" ಅಂದರು. ಇವರು ಇನ್ನೂ ಆಳಕ್ಕೆ ಕೈ ಹಾಕಿದರು.

ಕೊನೆಗೆ ಅದು ಸಿಕ್ಕಿತು. ಮಣ್ಣು ಮೆತ್ತಿದ ತಲೆ, ಅದರ ಹಿಂದೆ ನೆತ್ತಿಯ ಮೇಲೆ ಒಂದು ದಪ್ಪ ಮುಳ್ಳು ನೆಟ್ಟಗೆ ನಿಂತಿತ್ತು. ಇವರು ಅದನ್ನು ನನ್ನ ಕಡೆ ಹಿಡಿದರು. "ಇದನ್ನ ಒತ್ತಿ ಮಲಗಿಸಿ" ಅಂದರು. ಹೆಬ್ಬೆರಳಿನಿಂದ ಒತ್ತಿದೆ. ಅಲುಗಲಿಲ್ಲ. ಮೊಳೆ ಹೊಡೆದ ಹಾಗಿತ್ತು. "ಈಗ ಅದರ ಹಿಂದಿನ ಸಣ್ಣ ಮುಳ್ಳು ಒತ್ತಿ." ಒತ್ತಿದೆ. ಟಕ್ ಎಂದು ಮುಂದಿನ ದೊಡ್ಡ ಮುಳ್ಳು ತಾನಾಗಿಯೇ ಮಲಗಿಕೊಂಡಿತು. ಬಂದೂಕಿನ ಕುದುರೆ ಎಳೆದ ಹಾಗೆ.

ಇವರು ಮಣ್ಣಿನಲ್ಲೇ ಕೂತುಬಿಟ್ಟರು. "ಈ ಬೀಗ ಕೆಟ್ಟ ಜಾತಿಗೆ ಇಲ್ಲ. ಇದು ಒಳ್ಳೇದು ಅಮ್ಮ. ತಿನ್ನೋದೇ. ಬಂಡೆ ಸಂದಿಯಲ್ಲಿ ಇರೋದು. ಯಾರೂ ಎಳೆದುಕೊಳ್ಳಬಾರದು ಅಂತ ಈ ಮುಳ್ಳು ಎತ್ತಿ ಬೀಗ ಹಾಕ್ಕೊಳುತ್ತೆ." ಅಳುತ್ತಿದ್ದರೋ ಬೆವರುತ್ತಿದ್ದರೋ ನಾನು ನೋಡಲಿಲ್ಲ. ಹೇಗಿದ್ದರೂ ಮುಖ ತೊಳೆಯಬೇಕಾಗಿತ್ತು.

ಆಟೋ ಬಂತು. ಅತ್ತೆ ಹತ್ತಲಿಲ್ಲ. ನನ್ನ ಗಂಡ ಆಟೋ ವಾಪಸು ಕಳಿಸಿ, ಹೆದರಿಕೆ ಇಳಿದ ಮೇಲೆ ಬರುವ ಸಿಟ್ಟು ಏರಿಸಿಕೊಂಡು ನಿಂತ.

"ನೋಡದೆ ಕೊಯ್ಯಿ ಅಂತ ಇವಳಿಗೆ ಯಾರು ಹೇಳಿದ್ದು?"

ನಾನು ಬಾಯಿ ತೆರೆಯುವಷ್ಟರಲ್ಲಿ ಇವರು, "ನಾನೇ ಹೇಳಿದ್ದೆ. ಹೊತ್ತಾಗಿತ್ತು, ಕೊಯ್ದುಬಿಡಿ ಅಂದಿದ್ದೆ" ಅಂದರು.

ಗಾಳ ಹಾಕುವವರಿಗೆ ಸುಳ್ಳು ಕಲಿಸಬೇಕಾಗಿಲ್ಲ ಅನ್ನುತ್ತಾರೆ. ಆದರೆ ಆ ಸುಳ್ಳು ಮೀನಿನ ಉದ್ದದ್ದು ಆಗಿರುತ್ತದೆ. ಇದು ಯಾವ ಜಾತಿಯದೆಂದು ನನಗೆ ಆಗ ಗುರುತು ಸಿಗಲಿಲ್ಲ. ನಾನು ಬಾಯಿ ಮುಚ್ಚಿಕೊಂಡೆ. ಮುಚ್ಚಿಕೊಂಡದ್ದು ಒಳ್ಳೆಯ ಕೆಲಸ ಅಂತ ಹೇಳುವುದಿಲ್ಲ.

"ನಮ್ಮವ್ವನ್ನ ಸಾಯ್ಸೋಕ್ ಹೊರಟಿದ್ರಲ್ಲ ಸಾರ್. ನಾಳೆ ಬೆಳಗ್ಗೆ ರೂಮ್ ಖಾಲಿ ಮಾಡಿ."

"ಸರಿ" ಅಂದರು ಇವರು. ನನ್ನ ಕಡೆ ತಿರುಗಿ, "ಅಮ್ಮ, ಆ ಸಾರು ಚೆಲ್ಲಿಬಿಡಿ. ಒಳ್ಳೇದೇ ಅಂತ ನನಗೆ ಗೊತ್ತು. ಆದ್ರೂ ಚೆಲ್ಲಿ."

"ಗೊತ್ತಿದ್ರೆ ನೀವೇ ತಿನ್ನಿ ನೋಡೋಣ" ಅಂದ ನನ್ನ ಗಂಡ.

"ಇವತ್ತು ಗಂಟಲಲ್ಲಿ ಇಳಿಯಲ್ಲ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅವತ್ತು ಮನೆಯಲ್ಲಿ ಮುದ್ದೆಗೆ ಮಜ್ಜಿಗೆಯಾಯಿತು. ಅತ್ತೆ ಅದಕ್ಕೂ ಬೈದು, ಉಂಡು, ಹೊಗೆಸೊಪ್ಪು ಹಾಕಿಕೊಂಡು ಮಲಗಿದರು. ಆಮೇಲೆ ಹನ್ನೊಂದು ವರ್ಷ ಬದುಕಿದರು. ಸಾರನ್ನು ನಾನು ಚೆಲ್ಲಲಿಲ್ಲ. ಮೊರದ ಮೇಲಿನ ತುಂಡುಗಳನ್ನೆಲ್ಲ ಪಾತ್ರೆಗೆ ವಾಪಸು ಹಾಕಿ, ತಟ್ಟೆ ಮುಚ್ಚಿ, ಮೇಲೆ ಗುಂಡುಕಲ್ಲು ಇಟ್ಟೆ.

ಮಾರನೇ ದಿನ ಬೆಳಗ್ಗೆ ಎದ್ದು ಒಲೆ ಹಚ್ಚಿ ಆ ಸಾರು ಬಿಸಿ ಮಾಡಿದೆ. ತಂಗಳು ಮುದ್ದೆ ತಟ್ಟೆಗೆ ಹಾಕಿಕೊಂಡು, ಬಾಲದ ಕಡೆಯ ಆ ಮೂರು ತುಂಡನ್ನು ಹುಡುಕಿ ಬಡಿಸಿಕೊಂಡು, ಹೊರಗೆ ನಲ್ಲಿಯ ಕಟ್ಟೆಯ ಮೇಲೆ ಹೋಗಿ ಕೂತೆ. ನಾಲ್ಕು ರೂಮಿನವರೂ ನೀರಿಗೆ ಬರುವ ಹೊತ್ತು. ಇವರು ಹಾಸಿಗೆ ಸುತ್ತಿ ಹಗ್ಗ ಬಿಗಿದು ಬಾಗಿಲ ಹೊರಗೆ ಇಟ್ಟಿದ್ದರು. ನನ್ನ ಗಂಡ ಹಲ್ಲುಜ್ಜುತ್ತಿದ್ದ.

"ಏನೇ ಅದು?" ಅಂದ.

"ನಿನ್ನೆ ಸಾರು."

"ತಲೆ ಕೆಟ್ಟಿದೆಯೇನೇ ನಿಂಗೆ?"

ನಾನು ಮೊದಲ ತುಂಡು ತಿಂದೆ. ಎರಡನೆಯದನ್ನೂ ತಿಂದೆ. ಟೀಚರಮ್ಮ ಕೊಡ ಹಿಡಿದುಕೊಂಡು ನಿಂತೇ ಇದ್ದರು. ಮೀನು ಗಟ್ಟಿಯಾಗಿ, ಸಿಹಿಯಾಗಿ, ಉಪ್ಪು ಹುಳಿ ಹಿಡಿದು ಚೆನ್ನಾಗಿತ್ತು. ಮೂರನೆಯದನ್ನೂ ತಿಂದು ಮುಳ್ಳು ಚೀಪಿ ತಟ್ಟೆಯಲ್ಲಿ ಇಟ್ಟೆ.

"ಅವರು ಮುಟ್ಟಬೇಡಿ ಅಂದಿದ್ರು" ಅಂದೆ ನನ್ನ ಗಂಡನಿಗೆ, ಎಲ್ಲರಿಗೂ ಕೇಳಿಸುವ ಹಾಗೆ. "ಕೊಯ್ದಿದ್ದು ನಾನು. ಬೇಯಿಸಿದ್ದು ನಾನು. ನಿಮ್ಮವ್ವನಿಗೆ ಬಡಿಸಿದ್ದೂ ನಾನು. ಖಾಲಿ ಮಾಡಬೇಕಾದ್ರೆ ನಾನು ಮಾಡಬೇಕು. ಮಾಡ್ಲಾ?"

ಅವನ ಬಾಯಿ ತುಂಬ ಹಲ್ಲುಪುಡಿಯ ನೊರೆ. ಉಗಿಯುವುದೋ ನುಂಗುವುದೋ ತಿಳಿಯದೆ ನಿಂತ. ಆಮೇಲೆ ಉಗಿದ. ಬಾಯಿ ಮುಕ್ಕಳಿಸಿ ಒಳಗೆ ಹೋದ.

ಇವರು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

"ನೋಡ್ತಾ ನಿಂತ್ರೆ ಆಫೀಸಿಗೆ ಹೊತ್ತಾಗಲ್ವಾ?" ಅಂದೆ. "ಹಾಸಿಗೆ ಒಳಗಿಡಿ, ಓಡಾಡೋ ದಾರಿ ಅದು."

ತಟ್ಟೆ ತೊಳೆದು ಬೋರಲು ಹಾಕಿ, ಅತ್ತೆಗೆ ಕಾಫಿ ಕಾಯಿಸಲು ಹೋದೆ.